ನಲವತ್ತೊಂದನೆಯ ಡಬ್ಬಿ: ಸಪ್ಪೆ ಸೋಡಾ

“ಸಪ್ಪ ಅಂದವರ ಹೆಸರ ಬೇಕೇನ್ರಿ?” ಅಯೂಬ ಕೈಯಲ್ಲಿದ್ದ ಗೋಲಿ ಸೋಡಾ ಬಾಟಲಿಯನ್ನು ಕಟ್ಟೆಯ ಮೇಲಿಟ್ಟ. “ಬರಕೋರಿ ಮೇಡಮ್ಮಾರ. ನನ್ನ ಸೋಡಾಕ್ಕ ಸಪ್ಪ ಅಂದವರನ್ನ ನಾ ಸಾಯೂತನಾ ಮರಿಯೂದಿಲ್ಲ.”

ಸುರೇಖಾ ಬರೆದುಕೊಳ್ಳಲಿಲ್ಲ. ಅವಳ ತೊಡೆಯ ಮೇಲಿದ್ದ ದಾಖಲೆ ಪುಸ್ತಕದಲ್ಲಿ ಆ ಹೆಸರುಗಳೆಲ್ಲ ಮೊದಲೇ ಇದ್ದವು. ಅಯೂಬ ಒಬ್ಬೊಬ್ಬರ ಹೆಸರು ಹೇಳಿದಂತೆ ಅವಳು ಬೆರಳಿಟ್ಟು ಹುಡುಕುತ್ತ ಹೋದಳು. ಸಿದ್ಧರಾಮ, ಇಂಡಿ. ಶಮ್ಶುನ್ನೀಸಾ, ಇಂಡಿ. ಇಂದುಬಾಯಿ, ತಡವಲಗಾ ರಸ್ತೆ. ಒಟ್ಟು ಇಪ್ಪತ್ತನಾಲ್ಕು ಜನರ ಪಟ್ಟಿಯಲ್ಲಿ ಅವನು ಹನ್ನೆರಡು ಹೆಸರು ಹೇಳಿ ನಿಲ್ಲಿಸಿದ.

ಸರಿಯಾಗಿ ಅರ್ಧ. 

ನಲವತ್ತೊಂದನೆಯ ಸಂಖ್ಯೆಯ ಡಬ್ಬಿಯಲ್ಲಿ ಔಷಧಿಯ ಬದಲು ಬರಿಯ ಹಿಟ್ಟಿನ ಗುಳಿಗೆ ಸಿಕ್ಕು, ಖಿನ್ನತೆಗೆ ಗುಳಿಗೆಯೊಂದನ್ನು ಪರೀಕ್ಷಿಸುವ ಅಧ್ಯಯನದ ಇಂಡಿ ಕೇಂದ್ರದ ನರ್ಸ್ ರಾಮವ್ವನ ಮೇಲೆ ಕಳ್ಳತನದ ಆರೋಪ ಬಂದು ಇಂದಿಗೆ ಆರು ದಿನ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ವಿಜಯಪುರದಲ್ಲಿ ವಿಚಾರಣೆಯ ಸಮಿತಿ ಸೇರುತ್ತದೆ. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದ ಹೆಂಗಸು ಕಳ್ಳಿಯಾಗಿ ಮನೆಗೆ ಹೋಗುತ್ತಾಳೆ. ಡಬ್ಬಿಗಳನ್ನು, ಕಾಗದಗಳನ್ನು, ಸಹಿಗಳನ್ನು ತಿಂಗಳಿಗೊಮ್ಮೆ ನೋಡಿ ತಾಳೆ ಹಾಕುವ ತಪಾಸಕಿ ಸುರೇಖಾ. ವರದಿ ಬರೆಯಬೇಕಾದವಳೂ ಅವಳೇ.

“ಮೊದಲ ತಿಂಗಳದಾಗ ನನಗ ನಿದ್ದಿ ಹತ್ತಲಿಲ್ರಿ,” ಅಯೂಬ ಲಿಂಬಿಹಣ್ಣನ್ನು ಕೊಯ್ಯುತ್ತ ಹೇಳಿದ. “ಹನ್ನೆರಡ ಮಂದಿ ಒಂದ ದಿನ ಬಂದ ‘ಚಾಚಾ, ಇದರಾಗ ಗ್ಯಾಸ ಇಲ್ಲ, ಬಾಯಾಗ ಕಬ್ಬಣ ಇಟ್ಟಂಗ ಆಗತೈತಿ’ ಅಂದ್ರ ಹೆಂಗ? ಇಂಡಿ ಲಿಂಬಿ, ನನ್ನ ಕೈ, ಅಪ್ಪನ ಕಾಲದ ಯಂತ್ರ. ಸಿಲಿಂಡರ್ ಬದಲಿ ಮಾಡಿದೆ. ಮುಂದಿನ ತಿಂಗಳ ಮತ್ತ ಅದ ಹನ್ನೆರಡ ಮಂದಿ, ಅದ ಮಾತು. ಉಳದ ಹನ್ನೆರಡ ಮಂದಿ ಡರ್ ಅಂತ ತೇಗಿ ಇನ್ನೊಂದ ಕೊಡು ಅಂತಾರ.”

“ಯಾರರೆ ಮಾತ ಬದಲಿ ಮಾಡ್ಯಾರೇನು, ಚಾಚಾ? ಮೊದಲ ಸಪ್ಪ ಅಂದು ಆಮ್ಯಾಲ ಛಲೋ ಐತಿ ಅಂದವರು?”

“ಒಬ್ಬವ ಅದಾನ.” ಅಯೂಬನ ಮುಖ ಅರಳಿತು. “ಆಲಮೇಲ ರಸ್ತೇದ ಕುರಿಗಾರ, ಸೋಮನಿಂಗ. ಏಪ್ರಿಲ್, ಮೇ, ಜೂನ್, ಮೂರ ಸಲ ಸಪ್ಪ ಅಂದ. ಜುಲೈದಾಗ ಬಂದ ಕುಡದ, ಮೂಗ ಒರಸಕೊಂಡ, ‘ಈಗ ನೋಡ ಚಾಚಾ, ಈಗ ಖರೇ ಸೋಡಾ ಆತು’ ಅಂದ. ನನಗ ಎಷ್ಟ ಖುಷಿ ಆತಂದ್ರ, ಎರಡನೇದು ನಾನ ಒಡದ ಕೈಯಾಗ ಕೊಟ್ಟೆ.”

ಸುರೇಖಾ ಪುಸ್ತಕ ಮುಚ್ಚಿದಳು. ನಲವತ್ತೊಂದನೆಯ ಸಂಖ್ಯೆ ಸೋಮನಿಂಗನದು.

ಅಯೂಬ ಸಂತೋಷಪಟ್ಟ ಆ ಜುಲೈ ತಿಂಗಳಿನಿಂದಲೇ ಸೋಮನಿಂಗ ಮತ್ತೆ ಕುಸಿಯತೊಡಗಿದ್ದ. ಆಗಸ್ಟಿನಲ್ಲಿ ಕುರಿ ಹೊಡೆದುಕೊಂಡು ಹೋಗುವುದನ್ನು ಬಿಟ್ಟ. ಸೆಪ್ಟೆಂಬರಿನಲ್ಲಿ ಮಾತು ಬಿಟ್ಟ. ಆಗ ಅವನ ಹೆಂಡತಿ ಭಾಗ್ಯಾ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಸುರೇಖಾಳ ಮುಂದೆ ಇಟ್ಟಿದ್ದಳು. “ಅಕ್ಕಾರ, ಮೊದಲಿನ ಗುಳಗಿ ಬ್ಯಾರೆ ಇದ್ದುವ್ರಿ. ಇದರಾಗ ಏನೈತಿ ನೋಡ್ರಿ.” ಎರಡೂ ನೋಡಲು ಒಂದೇ ಥರ. ಆದರೂ ಆ ಹೆಂಗಸಿಗೆ ತಿಳಿದಿತ್ತು. ಸೋಮನಿಂಗ ಈಗ ವಿಜಯಪುರದಲ್ಲಿ, ವೈದ್ಯರ ಕಣ್ಣೆದುರೇ ಇದ್ದಾನೆ.

“ಜೂನ್ ತಿಂಗಳ ಕೊಟ್ಟ ಡಬ್ಬಿ,” ಸುರೇಖಾ ತನ್ನಷ್ಟಕ್ಕೇ ಹೇಳಿಕೊಂಡಳು. “ಜೂನಿನಿಂದಲೇ.”

“ಏನಂದ್ರಿ?”

“ಏನಿಲ್ಲ ಚಾಚಾ. ಒಂದ ಮಾತು. ಇಲ್ಲಿ ನಿಂತು ಇವರೆಲ್ಲ ಸಪ್ಪ ಅನ್ನೂದನ್ನ ಬ್ಯಾರೆ ಯಾರ ನೋಡ್ಯಾರು?”

ಅಯೂಬ ಸ್ವಲ್ಪ ಯೋಚಿಸಿದ. “ಡ್ರೈವರ್ ಕಾಂತು ದರ ಸಲ ಇಲ್ಲೇ ಗಾಡಿ ನಿಂದರಸ್ತಾನ. ಡಾಕ್ಟರ್ ಸಾಹೇಬ್ರು ಮೇ ತಿಂಗಳದಾಗ ಒಮ್ಮೆ ಬಂದಿದ್ರು. ಗಾಡ್ಯಾಗ ಕೂತಕೊಂಡ ನೋಡಾಕತ್ತಿದ್ರು. ಸೋಡಾ ಕೊಡಲಿ ಅಂದೆ, ಬ್ಯಾಡ ಅಂದ್ರು. ರಾಮಕ್ಕಂತೂ, ಜೂನ್ ಒಂದ ಬಿಟ್ರ, ಇದ್ದ ಇರ್ತಾಳ. ಆಕಿದು ವಿಚಿತ್ರರಿ, ಎಲ್ಲಾರಿಗೂ ನಿಂತ ಕುಡಸ್ತಾಳ, ತಾ ಒಂದ ಗುಟುಕ ಮುಟ್ಟೂದಿಲ್ಲ.”

*

ಕೇಂದ್ರವೆಂದರೆ ಸೋಡಾ ಅಂಗಡಿಯ ಮೇಲಿನ ಎರಡು ಕೋಣೆ. ರಾಮವ್ವ ಖಾಲಿ ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಸೀಲು ಹಾಕಿದ ಕಪಾಟಿಗೆ ಕಾವಲು ಏಕೆಂದು ಯಾರೂ ಕೇಳಿರಲಿಲ್ಲ. ಆರು ದಿನದಿಂದ ಅವಳು ಹೀಗೇ ಬರುತ್ತಿದ್ದಳು, ಗಂಜಿ ಹಾಕಿದ ಬಿಳಿ ಸೀರೆ ಉಟ್ಟು, ಸಮಯಕ್ಕೆ ಸರಿಯಾಗಿ.

“ರಾಮಕ್ಕ, ಗ್ವಾಡಿ ಮ್ಯಾಲ ಒಂದ ಕಾಗದ ಹಚ್ಚಿದ್ರಲ್ಲ, ಕೇಂದ್ರದ ನಿಯಮ. ಏಳನೇದು ಓದು.”

ರಾಮವ್ವ ಓದಲಿಲ್ಲ. ಬಾಯಿಪಾಠವಿತ್ತು. “ತಪಾಸಣೆಗೆ ಬಂದವರಿಗೆ ಸೋಡಾ, ಗ್ಯಾಸಿನ ತಂಪು ಪಾನೀಯ ಕೊಡಬಾರದು.”

“ಕೊಟ್ಟಿಯಲ್ಲ.”

ರಾಮವ್ವ ಎರಡೂ ಕೈ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿಕೊಂಡಳು. ಇತ್ತೀಚೆಗೆ ಅದೊಂದು ರೂಢಿ. ಜುಮುಜುಮು ಅಂತಾವು, ವಯಸ್ಸಾತು, ಬಿಪಿ ಐತಿ ಎನ್ನುತ್ತಿದ್ದಳು.

“ಕೊಟ್ಟೇನಿ,” ಎಂದಳು ಕೊನೆಗೆ. “ಏನ ಮಾಡಬೇಕಿತ್ತವ್ವಾ? ಬಿಸಲಾಗ ಎರಡ ಬಸ್ ಬದಲಿ ಮಾಡಿ ಬರ್ತಾರ. ಇಲ್ಲಿ ಬಂದು, ನಿದ್ದಿ ಹತ್ತವಲ್ದು, ಬದುಕಾಕ ಮನಸ್ಸಿಲ್ಲ, ಅಂತ ಮನಿಯಾಗ ಹೇಳಲಾರದ ಮಾತ ನನ್ನ ಮುಂದ ಬಿಚ್ಚಿ ಇಡ್ತಾರ. ಅವರನ್ನ ಬರಿಗೈಲೆ ಕಳಸ್ಲಿ? ಇಂಡಿಗಿ ಬಂದವರ ಲಿಂಬಿ ಸೋಡಾ ಕುಡೀಲಾರದ ಹೊಳ್ಳಿ ಹೋದ್ರ ಊರ ಮರ್ಯಾದಿ ಏನ ಉಳೀತು? ಯಾರೋ ಜಿಪುಣ ಬರದಾನ ನಿಯಮ ಅಂದಕೊಂಡೆ. ಅಧ್ಯಯನದ ರೊಕ್ಕಕ್ಕ ಕೈ ಹಚ್ಚಿಲ್ಲ. ಎಲ್ಲಾ ನನ್ನ ಕೈಯಿಂದ.”

“ಆರ ದಿನದಿಂದ ಇದನ್ನ ಹೇಳಿಲ್ಲಲ್ಲ.”

“ಕದ್ದಿಲ್ಲ ಅಂತ ಹೇಳೇನಿ. ನಿಯಮ ಮುರದೇನಿ ಅಂತ ಹೇಳಾಕ ನಾಚಿಕಿ ಆತು.” ರಾಮವ್ವ ತಲೆ ಎತ್ತಿದಳು. “ನನ್ನ ಇಪ್ಪತ್ನಾಲ್ಕ ಮಂದಿಯಾಗ ಒಬ್ಬರೂ ಒಂದ ತಿಂಗಳ ತಪ್ಪಿಸಿಲ್ಲ. ದೊಡ್ಡದೊಡ್ಡ ಊರಾಗ ಅರ್ಧಾ ಮಂದಿ ಬಿಟ್ಟ ಹೋಗ್ತಾರಂತ, ಡಾಕ್ಟರ್ ಹೇಳಿದ್ರು. ನಮ್ಮವರು ಹೋಗಿಲ್ಲ.”

ಆ ಮಾತಿಗೆ ಸುರೇಖಾಳ ಎದೆಯೂ ಒಂದು ಗೇಣು ಉಬ್ಬಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕು ತಾಲೂಕು, ತೊಂಬತ್ತಾರು ಜನ. ಅವಳು ಹುಟ್ಟಿದ ಮುದ್ದೇಬಿಹಾಳದಲ್ಲಿ ಖಿನ್ನತೆ ಎಂಬ ಶಬ್ದವನ್ನು ಬಾಯಿ ಬಿಟ್ಟು ಹೇಳಿದವರನ್ನು ಅವಳು ಚಿಕ್ಕಂದಿನಲ್ಲಿ ಕಂಡಿರಲಿಲ್ಲ. ಈಗ ತೊಂಬತ್ತಾರು ಜನ ತಮ್ಮ ದುಃಖವನ್ನು ಒಂದರಿಂದ ನಾಲ್ಕರವರೆಗೆ ಅಂಕಿ ಹಾಕಿ ಹೇಳುತ್ತಿದ್ದರು. ಕಣ್ಣಿನ ಒತ್ತಡಕ್ಕೆ, ಎತ್ತರದ ಬೆಟ್ಟ ಹತ್ತುವವರಿಗೆ ಕೊಡುವ ಒಂದು ಹಳೆಯ ಗುಳಿಗೆ, ಅಸೆಟಝೋಲಮೈಡ್. ನಿತ್ಯದ ಔಷಧಿಯ ಜೊತೆ ಅದನ್ನೂ ಕೊಟ್ಟರೆ ಖಿನ್ನತೆ ಇಳಿಯುತ್ತದೆಯೇ? ಯಾರಿಗೂ ಗೊತ್ತಿಲ್ಲ. ಸೋಮನಿಂಗ ಆ ಮೂರು ತಿಂಗಳು ಚೇತರಿಸಿದ್ದು ಗುಳಿಗೆಯಿಂದಲೋ ತಾನಾಗಿಯೋ, ಅದೂ ಗೊತ್ತಿಲ್ಲ. ಅದಕ್ಕೇ ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು, ತಿನ್ನುವವರಿಗೂ ತಿಳಿಯದು.

ಅಯೂಬನ ಸೋಡಾಕ್ಕೆ ಮಾತ್ರ ತಿಳಿದಿತ್ತು. ಔಷಧಿ ತಿಂದವರ ನಾಲಿಗೆಗೆ ಅದು ಸಪ್ಪೆಯಾಗುತ್ತಿತ್ತು.

“ಏಳನೇ ನಿಯಮ ಯಾಕ ಬರದಿದ್ರು?” ರಾಮವ್ವ ಕೇಳಿದಳು.

“ಈಗ ಹೇಳೂದಿಲ್ಲ ರಾಮಕ್ಕ. ನಾಳೆ ಹೇಳ್ತೇನಿ.” ಸಾಕ್ಷಿಗೆ ಕಾರಣ ತಿಳಿದರೆ ಸಾಕ್ಷಿ ಕೆಡುತ್ತದೆ ಎಂಬುದನ್ನು ಸುರೇಖಾ ಇದೇ ಅಧ್ಯಯನದಿಂದ ಕಲಿತಿದ್ದಳು. “ಜೂನ್ ಒಂಬತ್ತರಿಂದ ಹನ್ನೆರಡರ ತನಾ ನೀ ಎಲ್ಲಿದ್ದಿ?”

“ಮುದ್ದೇಬಿಹಾಳದಾಗ. ತಂಗಿ ಮಗಳ ಕುಬಸ. ನೀನ ಬಂದ ಕೀಲಿ ಇಸಕೊಂಡ್ಯಲ್ಲ, ಮರತಿ?”

ಮರೆತಿರಲಿಲ್ಲ. ಒಂಬತ್ತನೆಯ ತಾರೀಖು ಬೆಳಿಗ್ಗೆ ಕಪಾಟಿನ ಒಂದೊಂದು ಡಬ್ಬಿಯ ಸೀಲನ್ನೂ ಸುರೇಖಾ ಎರಡೆರಡು ಸಲ ನೋಡಿ ಸಹಿ ಹಾಕಿದ್ದಳು. ನಲವತ್ತೊಂದರ ಡಬ್ಬಿಗಳೆಲ್ಲ, ಜೂನಿನಿಂದ ವರ್ಷದ ಕೊನೆಯವರೆಗಿನವು, ಒಂದೇ ಗೂಡಿನಲ್ಲಿದ್ದವು, ಸೀಲು ಗಟ್ಟಿಯಾಗಿತ್ತು. ರಾಮವ್ವನ ಎದುರಿಗೇ ಬೀಗ ಹಾಕಿ, ಕೀಲಿಯನ್ನು ಲಕೋಟೆಯಲ್ಲಿಟ್ಟು, ಬಾಗೇವಾಡಿ ಕಚೇರಿಗೆ ಮುಟ್ಟಿಸಲು ಚಾಲಕ ಕಾಂತುವಿನ ಕೈಗೆ ಕೊಟ್ಟಿದ್ದಳು. ಹನ್ನೆರಡಕ್ಕೆ ಡಾಕ್ಟರ್ ಸಿದ್ದಲಿಂಗರೇ ಬಂದು ಡಬ್ಬಿಗಳನ್ನು ಹಂಚಿದ್ದರು. ಸೋಮನಿಂಗನ ಕೈ ಸೇರಿದ್ದು ಆವತ್ತಿನ ಡಬ್ಬಿ. ಮುಂದಿನ ತಿಂಗಳು ಅವನಿಗೆ ಸೋಡಾ ರುಚಿಸಿತು.

ಅಂದರೆ ಅದಲುಬದಲಾದದ್ದು ಆ ಮೂರು ದಿನದಲ್ಲಿ. ಆಗ ರಾಮವ್ವ ನೂರು ಕಿಲೋಮೀಟರು ದೂರ, ಸೀಮಂತದ ಮನೆಯಲ್ಲಿ. ಕೀಲಿ ಮುಟ್ಟಿದವರು ಇಬ್ಬರೇ, ಕಾಂತು ಮತ್ತು ಡಾಕ್ಟರ್. ಸೋಡಾ ಸಪ್ಪೆ ಎಂದವರನ್ನು ಕಂಡು ಔಷಧಿ ಯಾರ ಡಬ್ಬಿಯಲ್ಲಿದೆ ಎಂದು ಊಹಿಸಬಹುದಾಗಿದ್ದವರೂ ಅವರೇ.

ಎರಡೆರಡು ಸಲ ನೋಡುವ ತನ್ನ ಚಟವನ್ನು ಕಚೇರಿಯವರು ಆಡಿಕೊಳ್ಳುತ್ತಿದ್ದುದು ಸುರೇಖಾಳಿಗೆ ಗೊತ್ತಿತ್ತು. ಇವತ್ತು ಆ ಚಟದ ಬಗ್ಗೆ ಅವಳಿಗೆ ಮೊದಲ ಸಲ ಹೆಮ್ಮೆಯೆನಿಸಿತು.

“ಏಳು ರಾಮಕ್ಕ. ಬಾಗೇವಾಡಿಗಿ ಹೋಗೂಣು. ನಿನ್ನ ಹೇಳಿಕಿ ಅಲ್ಲೇ ಬರಕೊಳ್ತೇನಿ.”

ರಾಮವ್ವ ಚೀಲದಿಂದ ಸಣ್ಣ ಸ್ಟೀಲಿನ ಡಬ್ಬಿ ತೆಗೆದು, ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು ಎದ್ದಳು. “ಬಿಪಿದು. ಬಸ್ಸಿನ್ಯಾಗ ಮರತ ಹೋಗತೈತಿ.”

*

ಸೋಡಾ ತನ್ನನ್ನು ಬಿಟ್ಟು ಊರು ದಾಟುವುದಿಲ್ಲವೆಂದು ಅಯೂಬ ಪಟ್ಟು ಹಿಡಿದ.

“ಹನ್ನೆರಡ ಬಾಟ್ಲಿ ಕೊಡ ಅಂದ್ರ ಕೊಡ್ತೇನ್ರಿ. ಒಡಿಯಾಂವ ಯಾರು? ನೀವು ಒಡದು, ಅರ್ಧಾ ನೆಲಕ್ಕ ಚೆಲ್ಲಿ, ಬಾಗೇವಾಡಿ ಮಂದಿ ಇಂಡಿ ಸೋಡಾ ಇಷ್ಟ ಏನು ಅನಬೇಕು. ನಾನೂ ಬರ್ತೇನಿ.”

ಹೀಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ನಡುಹಗಲು ಅಂಗಡಿಯ ಬಾಗಿಲು ಬಿತ್ತು. ಒದ್ದೆ ಗೋಣಿಚೀಲ ಸುತ್ತಿದ ಬಾಟಲಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ವಿಜಯಪುರದಲ್ಲಿ ಬಸ್ ಬದಲಿಸುವಾಗಲೂ ಬೇರೆಯವರಿಗೆ ಮುಟ್ಟಗೊಡದೆ, ಅವನು ಮದುಮಗಳ ಕಡೆಯ ಹಿರಿಯನಂತೆ ಗಂಭೀರವಾಗಿ ಕೂತಿದ್ದ.

“ಒಡದ್ರ ನಾ ಜವಾಬ್ದಾರ ಅಲ್ಲ ಮತ್ತ,” ಎಂದ ಕಂಡಕ್ಟರ್.

“ಒಡಿಯೂದ ಅವುಗಳ ಕೆಲಸ ಮಾರಾಯಾ. ನೀ ಸೀಟಿ ಹೊಡಿ.”

ರಾಮವ್ವ ಕೂಡ ಆರು ದಿನದಲ್ಲಿ ಮೊದಲ ಸಲ ನಕ್ಕಳು.

ಸುರೇಖಾ ಕಿಟಕಿಯಾಚೆ ನೋಡುತ್ತ ಒಂದೇ ಪ್ರಶ್ನೆಯನ್ನು ತಿರುವಿ ಮುರುವಿ ನೋಡುತ್ತಿದ್ದಳು. ಈ ಗುಳಿಗೆ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ದುಬಾರಿಯದಲ್ಲ. ಮತ್ತೆ ಕದಿಯುವುದೇಕೆ? ಅಂಗಡಿಯ ಗುಳಿಗೆಯ ಹಾಳೆಯ ಮೇಲೆ ಹೆಸರಿರುತ್ತದೆ, ಚೀಟಿ ಬೇಕಾಗುತ್ತದೆ. ಅಧ್ಯಯನದ ಗುಳಿಗೆಗೆ ಹೆಸರಿಲ್ಲ. ದುಂಡಗೆ, ಬೆಳ್ಳಗೆ, ಮೇಲೆ ಅಕ್ಷರವಿಲ್ಲ, ನಡುವೆ ಗೆರೆಯಿಲ್ಲ. ಅದನ್ನು ಯಾವ ಡಬ್ಬಿಯಲ್ಲಿ ಹಾಕಿದರೆ ಆ ಡಬ್ಬಿಯದಾಗುತ್ತದೆ. ಕದ್ದವನಿಗೆ ಬೇಕಾಗಿದ್ದದ್ದು ಔಷಧಿಗಿಂತ ಹೆಚ್ಚಾಗಿ ಅದಕ್ಕೆ ಹೆಸರಿಲ್ಲದಿರುವುದು.

ತನಗೆ ಖಿನ್ನತೆಯಿದೆ ಎಂದು ಲೋಕಕ್ಕೆ ತಿಳಿಯಬಾರದವರು ಯಾರು? ನಾಲ್ಕು ತಾಲೂಕಿಗೆ ಮನಸ್ಸಿನ ಡಾಕ್ಟರ್ ಆಗಿರುವವರಲ್ಲವೇ?

ಆ ಯೋಚನೆ ಬಂದದ್ದಕ್ಕೆ ಅವಳಿಗೇ ನೋವಾಯಿತು.

*

ಡಾಕ್ಟರ್ ಸಿದ್ದಲಿಂಗ ಮುಳವಾಡದ ಕಡೆಯವರು. ಕುರಿ ಕಾಯುವವರ ಮನೆಯಿಂದ ಬಂದು ಮನೋವೈದ್ಯರಾದವರು. ದೊಡ್ಡ ಊರಿನ ಆಸ್ಪತ್ರೆ ಬಿಟ್ಟು ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದೆ ಮೂರು ಕೋಣೆ ಹಿಡಿದು ಕೂತವರು. ಅವರ ಹೆಸರು ಹೇಳುವಾಗ ಜನ ಸ್ವಲ್ಪ ನೆಟ್ಟಗಾಗುತ್ತಿದ್ದರು. ಸುರೇಖಾಳೂ ಆಗುತ್ತಿದ್ದಳು.

ರಾಮವ್ವನನ್ನು ಹೊರಗಿನ ಬೆಂಚಿನ ಮೇಲೆ ಕೂಡ್ರಿಸಿ, ಅಯೂಬನನ್ನು ಪಕ್ಕದ ಕೋಣೆಗೆ ಕಳಿಸಿ, ಅವಳು ಒಳಗೆ ಹೋದಳು. ಮೇಜಿನ ಮೇಲೆ ಸಾಕ್ಷಿಯಾಗಿ ಇಟ್ಟಿದ್ದ ನಲವತ್ತೊಂದನೆಯ ಡಬ್ಬಿ ಇತ್ತು. ಕಾಂತು ಗೋಡೆಗೊರಗಿ ನಿಂತಿದ್ದ.

ಸುರೇಖಾ ಸೋಡಾದ ವಿಷಯ, ಜೂನ್ ತಿಂಗಳ ಮೂರು ದಿನ, ಕೀಲಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. 

“ಅಂದ್ರ ನನ್ನ ಮ್ಯಾಲ ಸಂಶೆ,” ಎಂದರು ಡಾಕ್ಟರ್.

“ಹೌದ್ರಿ ಸರ್. ನಿಮ್ಮ ಮ್ಯಾಲೂ, ಕಾಂತುನ ಮ್ಯಾಲೂ.”

“ನಾ ಏನ ಮಾಡೇನ್ರಿ ಅಕ್ಕಾರ?” ಕಾಂತು ಗೋಡೆ ಬಿಟ್ಟು ಮುಂದೆ ಬಂದ.

ಡಾಕ್ಟರ್ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. “ನಾಲಿಗಿಯಾಗ ಒಂದ ಕಿಣ್ವ ಐತಿ, ಸೋಡಾದ ಚುರುಕು ಗೊತ್ತ ಮಾಡಿಕೊಡೂದು ಅದ. ಈ ಗುಳಗಿ ಅದರ ಕೈ ಕಟ್ಟತೈತಿ. ಅದಕ್ಕ ಸೋಡಾ ಸಪ್ಪ. ಏಳನೇ ನಿಯಮ ಬರದಾಂವ ನಾನ. ಕಾರಣ ಬರದ್ರ ಗುಟ್ಟ ರಟ್ಟ ಆಗತೈತಿ ಅಂತ ಬರೀಲಿಲ್ಲ.”

“ಅದು ಮುರದದ್ದು ನಿಮಗ ಮೇ ತಿಂಗಳದಾಗ ಗೊತ್ತಾತು. ಗಾಡ್ಯಾಗ ಕೂತ ನೋಡೀರಿ.”

ಡಾಕ್ಟರ್ ಮುಂದಿದ್ದ ಡಬ್ಬಿಯನ್ನು ಮೇಜಿನ ಬದಿಗೆ ಸರಿಸಿದರು.

“ನೋಡೇನಿ,” ಎಂದರು ಅವರು. “ಇಳದ ಹೋಗಿ ನಿಂದರಸಬೇಕಿತ್ತು. ಬಾಗಲಕ್ಕ ಕೈ ಹಾಕಿದ್ದೆ. ಅಷ್ಟರಾಗ ಶಮ್ಶುನ್ನೀಸಾ ನಕ್ಕಳು. ಎರಡ ವರ್ಷ ನನ್ನ ಮುಂದ ಕೂತು ಒಮ್ಮೆ ಸುದ್ದಾ ನಗಲಾರದ ಹೆಣ್ಣಮಗಳು, ಸೋಡಾ ಸಪ್ಪ ಐತಿ ಅಂತ ಅಯೂಬನ ಕೂಡ ಜಗಳಾಡಿ ನಗಾಕತ್ತಿದ್ದಳು. ನಾ ಇಳೀಲಿಲ್ಲ. ಅದು ನನ್ನ ತಪ್ಪು. ನಾಳೆ ಸಮಿತಿ ಮುಂದ ನಾನ ಹೇಳ್ತೇನಿ. ರಾಮವ್ವನ ತಪ್ಪಲ್ಲ ಅದು.”

“ಗುಳಗಿ?”

“ನಾ ಮುಟ್ಟಿಲ್ಲ.”

“ಅದನ್ನ ನಿಮ್ಮ ಬಾಯಿಂದ ಕೇಳೂದು ಬ್ಯಾಡ್ರಿ ಸರ್. ನಾಲಿಗಿಯಿಂದ ಕೇಳ್ತೇನಿ. ನಾಲ್ಕು ಲೋಟ ಬರ್ತಾವು. ಕೆಲವು ತಾಜಾ, ಕೆಲವು ಮುಂಜಾನೆ ಒಡದ ಗ್ಯಾಸ ಹೋದದ್ದು. ಯಾವುದು ಯಾವುದು ಅಂತ ಅಯೂಬಗ ಅಷ್ಟ ಗೊತ್ತು, ನನಗೂ ಗೊತ್ತಿಲ್ಲ. ನಿಮಗ ಕಣ್ಣ ಕಟ್ಟತೇನಿ.”

ಡಾಕ್ಟರ್ ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ಅವರ ಮೀಸೆಯ ತುದಿಯಲ್ಲಿ ನಗು ಕಾಣಿಸಿತು. “ನೀನೂ ಕುರುಡಿ, ನಾನೂ ಕುರುಡ. ಛಲೋ ಕಲತಿ ತಂಗಿ. ನನ್ನ ಪರೀಕ್ಷಾ ನನಗ ಹಚ್ಚಿದಿ. ಕಟ್ಟು.”

ಪಕ್ಕದ ಕೋಣೆಯಿಂದ ಅಯೂಬನ ಗೊಣಗಾಟ ಕೇಳಿಸುತ್ತಿತ್ತು. ಬೇಕೆಂದೇ ಸಪ್ಪೆ ಸೋಡಾ ಬಡಿಸುವ ಕಾಲ ತನಗೆ ಬಂತಲ್ಲ ಎಂಬುದು ಅವನ ಕೊರಗು. ಸ್ಟೀಲಿನ ಲೋಟಗಳು ಒಂದೊಂದಾಗಿ ಬಂದವು.

ಡಾಕ್ಟರ್ ಮೊದಲನೆಯದನ್ನು ಕುಡಿದರು. “ತಾಜಾ.” ಎರಡನೆಯದು. “ಸಪ್ಪ.” ಮೂರನೆಯದಕ್ಕೆ ಮುಖ ಕಿವುಚಿ, “ಸಪ್ಪ,” ಎಂದರು. ನಾಲ್ಕನೆಯದನ್ನು ಬಾಯಿಗಿಟ್ಟ ಕೂಡಲೇ ಮೂಗಿಗೆ ಹತ್ತಿ ಕೆಮ್ಮಿದರು. ಅದಕ್ಕೆ ಉತ್ತರವೇ ಬೇಕಾಗಲಿಲ್ಲ.

ಅಯೂಬ ಬಾಗಿಲಲ್ಲಿ ನಿಂತು ನಾಲ್ಕು ಬೆರಳು ತೋರಿಸಿದ. ನಾಲ್ಕೂ ಸರಿ.

ಕಾಂತುವಿನ ಸರದಿ. ಅವನೂ ನಾಲ್ಕನ್ನೂ ಸರಿಯಾಗಿ ಹೇಳಿದ. ಮೇಲಿಂದ, “ಮೂರನೇದಕ್ಕ ಉಪ್ಪ ಕಡಿಮಿ ಬಿದ್ದೈತಿ ಚಾಚಾ,” ಎಂದ. ಅಯೂಬ ಕಣ್ಣು ಕೆಂಪಗೆ ಮಾಡಿದ.

ಸುರೇಖಾ ಬಟ್ಟೆಯ ಪಟ್ಟಿಯನ್ನು ಮಡಚಿ ಮಡಚಿ ಅಂಗೈಯಗಲ ಮಾಡಿದಳು. ಇಬ್ಬರ ನಾಲಿಗೆಯೂ ಶುದ್ಧ. ಇಬ್ಬರೂ ಗುಳಿಗೆ ತಿನ್ನುತ್ತಿಲ್ಲ. ಡಾಕ್ಟರ್ ಮೇಲಿನ ಗೌರವ ಉಳಿದದ್ದಕ್ಕೆ ಒಳಗೊಳಗೇ ಹಗುರವಾದರೂ, ಕದ್ದವರು ತಾವು ತಿನ್ನದೆ ಬೇರೆ ಯಾರಿಗೋ ಕೊಟ್ಟಿರಬಹುದು ಎಂಬ ಮಾತು ಆಗಲೇ ತಲೆಯಲ್ಲಿ ಏಳುತ್ತಿತ್ತು.

“ಆದ್ರೂ ರಾಮವ್ವ ಬಿಡುಗಡಿ ಆದಳು,” ಎಂದರು ಡಾಕ್ಟರ್. “ಜೂನ್ ಮೂರ ದಿನ, ನಿನ್ನ ಸಹಿ, ನಿನ್ನ ಸೀಲು. ಸಮಿತಿ ಇದನ್ನ ತಳ್ಳಿಹಾಕಾಕ ಆಗೂದಿಲ್ಲ. ಕರಿ ಆಕೀನ್ನ, ನಾನ ಹೇಳ್ತೇನಿ.”

*

ರಾಮವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಡಾಕ್ಟರ್ ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ಕಂಡು ಕಾಂತುವೂ ನೆಟ್ಟಗಾದ.

“ರಾಮಕ್ಕ, ನಿನ್ನ ಮ್ಯಾಲಿನ ಮಾತು ಸುಳ್ಳ ಅಂತ ಸುರೇಖಾ ಹುಡುಕಿ ತಗದಾಳ. ನಾಳೆ ನಿನ್ನ ಹೆಸರ ತೊಳದ ಬರತೈತಿ.”

ರಾಮವ್ವ ಅಳಲಿಲ್ಲ. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು, “ತೊಳಿಯಾಕ ಹೊಲಸ ಆಗಿದ್ದಿಲ್ರಿ,” ಎಂದಳು. ಆಮೇಲೆ ಸುರೇಖಾಳ ಕೆನ್ನೆಯನ್ನು ಒಮ್ಮೆ ಮುಟ್ಟಿದಳು, ಅಷ್ಟೇ. ಓದಿದ್ದಕ್ಕೆ, ಎರಡೆರ‌ಡು ಸಲ ನೋಡಿದ್ದಕ್ಕೆ, ಇದಕ್ಕಿಂತ ದೊಡ್ಡ ಸನ್ಮಾನ ಅವಳಿಗೆ ಬೇಕಿರಲಿಲ್ಲ.

ಅಯೂಬನಿಗೆ ತಡೆಯಲಾಗಲಿಲ್ಲ. ಉಳಿದಿದ್ದ ಬಾಟಲಿಗಳಲ್ಲಿ ತಣ್ಣನೆಯದನ್ನು ಆರಿಸಿ, ಹೆಬ್ಬೆರಳಿನಿಂದ ಗೋಲಿಯನ್ನು ಒತ್ತಿದ. ಟಪ್ ಎಂದು ಒಡೆದು ನೊರೆ ಉಕ್ಕಿ ಅವನ ಮುಂಗೈ ತೋಯಿತು. ಲಿಂಬಿ ಹಿಂಡಿ, ಚಿಟಿಕೆ ಉಪ್ಪು ಹಾಕಿ ಲೋಟವನ್ನು ಮುಂದೆ ಹಿಡಿದ.

“ಇಷ್ಟ ದಿನ ಎಲ್ಲಾರಿಗೂ ಕುಡಿಸಿದಿ ರಾಮಕ್ಕ. ಇವತ್ತ ನೀ ಕುಡೀಬೇಕು. ಬ್ಯಾಡ ಅಂದ್ರ ಅಂಗಡಿ ಬಾಗಲಾ ತಗಿಯೂದಿಲ್ಲ ನಾ.”

“ಏಳು ಹುಚ್ಚಾ,” ಎಂದಳು ರಾಮವ್ವ. ಆದರೂ ಲೋಟ ತೆಗೆದುಕೊಂಡಳು. ಬಿಸಿಲಲ್ಲಿ ಬಂದ ದಣಿವಿತ್ತು. ಒಂದೇ ಗುಟುಕಿನಲ್ಲಿ ಅರ್ಧ ಕುಡಿದು ಬಾಯಿ ಒರೆಸಿಕೊಂಡಳು.

“ಬಸ್ಸಿನ್ಯಾಗ ಅಲಗ್ಯಾಡಿ ಗ್ಯಾಸ ಎಲ್ಲಾ ಹೋಗೈತೇಳೋ ಅಯೂಬಾ,” ಎಂದಳು ಸಮಾಧಾನ ಮಾಡುವಂತೆ. “ಸಪ್ಪಗೈತಿ.”

ಅಯೂಬನ ಕೈ ಗಾಳಿಯಲ್ಲೇ ನಿಂತಿತು. ಅವನ ಮುಂಗೈಯ ಮೇಲೆ ನೊರೆ ಇನ್ನೂ ಚುರುಚುರು ಎನ್ನುತ್ತಿತ್ತು.

ಡಾಕ್ಟರ್ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಕಾಂತು ನೆಲ ನೋಡಿದ.

“ಯಾಕ?” ರಾಮವ್ವ ಒಬ್ಬೊಬ್ಬರ ಮುಖ ನೋಡಿದಳು. “ಎಲ್ಲಾರೂ ಹಿಂಗ್ಯಾಕ ನೋಡಾಕತ್ತೀರಿ?”

ಸುರೇಖಾ ಮೇಜಿನಾಚೆಯಿಂದ ಕೈ ಚಾಚಿದಳು. “ರಾಮಕ್ಕ, ನಿನ್ನ ಬಿಪಿ ಗುಳಗಿ ತೋರಸು.”

ಸ್ಟೀಲಿನ ಸಣ್ಣ ಡಬ್ಬಿ ಮೇಜಿನ ಮೇಲೆ ಬಂತು. ಸುರೇಖಾ ಮುಚ್ಚಳ ತೆಗೆದು ಒಂದು ಗುಳಿಗೆಯನ್ನು ಅಂಗೈಗೆ ಸುರಿದುಕೊಂಡಳು. ದುಂಡಗೆ, ಬೆಳ್ಳಗೆ. ತಿರುವಿ ಹಾಕಿದಳು. ಅಕ್ಷರವಿಲ್ಲ. ಗೆರೆಯಿಲ್ಲ. ಪಕ್ಕದಲ್ಲೇ ಇದ್ದ ನಲವತ್ತೊಂದನೆಯ ಡಬ್ಬಿಯಿಂದ ಇನ್ನೊಂದನ್ನು ತೆಗೆದು ಜೊತೆಗಿಟ್ಟಳು. ಯಾವುದು ಯಾವುದೆಂದು ಮರುಕ್ಷಣ ಅವಳಿಗೇ ತಿಳಿಯಲಿಲ್ಲ.

“ಹೊಸಾ ಕಂಪನೀದು ಅಂದ್ರು,” ರಾಮವ್ವ ಹೇಳುತ್ತಿದ್ದಳು. “ಹಾಳಿ ಇರೂದಿಲ್ಲ, ಬಿಡಿ ಬರ್ತಾವು, ಇವು ಛಲೋ ಅಂದ್ರು. ಜೂನ್ ತಿಂಗಳಿಂದ ಇವ್ನ ತಗೋತೇನಿ. ಖರೇ ಹೇಳಬೇಕಂದ್ರ, ನಮ್ಮ ಮನಿಯವರು ಹೋದ ಮ್ಯಾಲ ಮೊದಲ ಸಲ ಮುಂಜಾನೆ ಏಳೂಣು ಅನಸ್ತದ...”

ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಸುರೇಖಾಳ ಅಂಗೈಯ ಮೇಲಿದ್ದ ಎರಡು ಗುಳಿಗೆಗಳ ಮೇಲೆ ಬಿದ್ದಿತ್ತು. ಅಲ್ಲಿಂದ ಸೋಡಾ ಲೋಟಕ್ಕೆ ಬಂತು. ಲೋಟದಿಂದ ತನ್ನ ಜುಮುಜುಮು ಎನ್ನುವ ಬೆರಳುಗಳಿಗೆ. ಇಪ್ಪತ್ತೆರಡು ವರ್ಷದ ನರ್ಸ್‌ಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

“ಸೋಮನಿಂಗನವು,” ಎಂದಳು ಬಹಳ ಮೆಲ್ಲಗೆ. “ಆ ಹುಡುಗನ ಪಾಲು ನಾ ತಿಂದೆ.”

“ಯಾರ ಕೊಟ್ರು ರಾಮಕ್ಕ?” ಸುರೇಖಾ ಕೇಳಿದಳು. “ಆ ಒಂದ ಹೆಸರ ಹೇಳು. ನಾಳೆ ನೀ ತಲಿ ಎತ್ತಿ ಮನಿಗಿ ಹೋಗ್ತಿ.”

ರಾಮವ್ವ ಬಾಯಿ ತೆರೆದಳು. ಆ ಹೆಸರು ಅವಳ ತುಟಿಯ ತನಕ ಬಂದದ್ದನ್ನು ಸುರೇಖಾ ಕಂಡಳು. ಆಮೇಲೆ ಆ ತುಟಿಗಳು ಗಟ್ಟಿಯಾಗಿ ಮುಚ್ಚಿಕೊಂಡವು. ರಾಮವ್ವ ಸ್ಟೀಲಿನ ಡಬ್ಬಿಯ ಮುಚ್ಚಳ ಹಾಕಿದಳು, ಸೀರೆಯ ನೆರಿಗೆ ಸರಿಪಡಿಸಿಕೊಂಡಳು. ಖಾಲಿ ಕಪಾಟಿಗೆ ಕಾವಲು ಕೂತಾಗ ಹೇಗಿದ್ದಳೋ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ನಿಂತಳು.

“ಅದೊಂದ ಕೇಳಬ್ಯಾಡವ್ವಾ,” ಎಂದಳು. “ಆ ಹೆಸರ ಕೆಟ್ರ ನಾಲ್ಕ ತಾಲೂಕಿನ ಮಂದಿ ತಮ್ಮ ದುಃಖ ಯಾರ ಮುಂದ ಹೇಳಬೇಕು? ನಾನ ಕದ್ದೇನಿ ಅಂತ ಬರಕೋ.”